ಗೋದಾವರಿಯ ದಕ್ಷಿಣ ದಡದ ತಿಪ್ಪಮ್ಮ ಮೇಡಂ

ತಿಪ್ಪಮ್ಮ ಮೇಡಂ ಯಾವ ಕಲ್ಲನ್ನೂ ಸುಮ್ಮನೆ ದಾಟಿದವರಲ್ಲ. ಸಿಡ್ನಿಯ ಪ್ಯಾರಮಾಟಾದ ಪಾರ್ಕಿನಲ್ಲಿ, ಸಾರ್ವಜನಿಕ ಶೌಚಾಲಯದ ಉದ್ಘಾಟನಾ ಫಲಕದ ಮುಂದೂ ಮಂಡಿಯೂರಿ, ಪರ್ಸಿನಿಂದ ಟಾರ್ಚ್ ತೆಗೆದು, ಓರೆಯಾಗಿ ಬೆಳಕು ಬಿಟ್ಟು ಓದುತ್ತಿದ್ದರು. ಓರೆ ಬೆಳಕಿಗೆ ಸವೆದ ಅಕ್ಷರಗಳು ಎದ್ದು ನಿಲ್ಲುತ್ತವಂತೆ. ಒಳಗಿನಿಂದ ಬಂದವರು ಬೆಚ್ಚಿಬೀಳುತ್ತಿದ್ದರು. ಮೇಡಂ ತಲೆಯೆತ್ತದೆ ತೀರ್ಪು ಕೊಡುತ್ತಿದ್ದರು: “ಕಟ್ಟಿಸ್ದೋನ ಹೆಸರು ದೊಡ್ಡದೈತೆ. ಯಾವ ದೇವರಿಗೆ ಅಂತ ಬರ್ದೇ ಇಲ್ಲ. ಕಾಲ ಕೆಟ್ಟೈತೆ ಕಣ್ಲಾ.”

ವೆಸ್ಟ್‌ಮೀಡಿನಲ್ಲಿ ನಮ್ಮ ಫ್ಲ್ಯಾಟಿನ ಮೇಲಿನ ಫ್ಲ್ಯಾಟು ಅವರದು. ಚಳ್ಳಕೆರೆ ಕಡೆಯವರು. ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಇತಿಹಾಸ ಪಾಠ ಮಾಡುತ್ತಿದ್ದರು. ರೋಮನ್ನರು ಗೆದ್ದ ದೂರದ ಸೀಮೆಗಳಲ್ಲಿ ಯಾರು ಪೂಜಾರಿಗಳಾಗಿದ್ದರು, ಅಲ್ಲಿಯ ಊರ ದೇವರುಗಳು ಏನಾದವು ಎಂಬುದನ್ನು ಶಾಸನಗಳಿಂದ ಹೆಕ್ಕುವುದು ಅವರ ಸಂಶೋಧನೆ. ಆದರೆ ವೆಸ್ಟ್‌ಮೀಡ್ ಆಸ್ಪತ್ರೆಗಳ ಊರು. ‘ಡಾಕ್ಟರ್’ ಎಂದು ಕೇಳಿದ್ದೇ ನಮ್ಮವರು ಪ್ಯಾಂಟ್ ಮೇಲೆತ್ತಿ ಮಂಡಿ ತೋರಿಸುತ್ತಿದ್ದರು. “ಸತ್ತು ಎರಡು ಸಾವಿರ ವರ್ಷ ಆದ್ಮೇಲೆ ಬನ್ನಿ, ನೋಡ್ತೀನಿ” ಎನ್ನುತ್ತಿದ್ದರು ಮೇಡಂ.

ನಾನು ದಾವಣಗೆರೆಯವನು. ಪಿಆರ್, ಅಂದರೆ ಕಾಯಂ ವಾಸದ ಪರವಾನಗಿಯ ಆಸೆಗೆ ಅಕೌಂಟಿಂಗ್ ಓದುತ್ತಿದ್ದೆ. ಅಕೌಂಟಿಂಗ್ ಒಂದು ಬಿಟ್ಟು ಎಲ್ಲರ ಅಣಕ ಬರುತ್ತಿತ್ತು. ಮೇಡಂ ನನ್ನನ್ನು ಕರೆಯುತ್ತಿದ್ದುದು ಕೋತಿ ಎಂದು.

ಅವರ ತಂದೆ ಊರ ಮಾರಮ್ಮನ ಪೂಜಾರಿ. ಹೊಸ ಜಾಗಕ್ಕೆ ಹೋದರೆ ಚೊಂಬು ನೀರು ನೆಲಕ್ಕೆ ಬಿಟ್ಟು, “ಈ ಜಾಗದವ್ವ, ನೀ ಯಾರಾದ್ರೂ ಸರಿ, ಬಂದೀವಿ” ಎನ್ನುತ್ತಿದ್ದರಂತೆ. ರೋಮಿನ ಸಿಪಾಯಿಯೂ ಪರದೇಶದಲ್ಲಿ ಹಾಗೆಯೇ ‘ಈ ಸ್ಥಳದ ದೇವರಿಗೆ’ ಎಂದು ಕಲ್ಲು ನಿಲ್ಲಿಸುತ್ತಿದ್ದ, ಹರಕೆ ತೀರಿದರೆ ಕೊನೆಯಲ್ಲಿ ನಾಲ್ಕೇ ಅಕ್ಷರ ಕೆತ್ತಿಸುತ್ತಿದ್ದ ಎಂದು ಮೇಡಂ ಹೇಳುತ್ತಿದ್ದರು: ವಿ, ಎಸ್, ಎಲ್, ಎಂ. ಹರಕೆ ತೀರಿಸಿದೆ, ಮನಸಾರೆ, ಸಲ್ಲಬೇಕಾದವರಿಗೆ ಸಲ್ಲಿಸಿದೆ.

“ಅಲ್ಲಿ ಹೆಂಗಸ್ರೂ ಪೂಜಾರಿಕೆ ಮಾಡೋರು, ಕಲ್ಲಿನ ಮ್ಯಾಲೆ ಹೆಸರೈತೆ. ನಮ್ಮಪ್ಪ ಸತ್ತಾಗ ತಮ್ಮನಿಗೆ ಪೂಜಾರಿಕೆ ಬಂತು. ನಂಗೆ ಲ್ಯಾಟಿನ್ ಬಂತು” ಎಂದು ನಗುತ್ತಿದ್ದರು.

ನಮ್ಮ ಕನ್ನಡ ಸಂಘದ ಪ್ರೆಸಿಡೆಂಟ್ ರಂಗನಾಥ್ ಅಂಕಲ್‌ಗೆ ಮೇಡಂ ಹೆಸರು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಗಣೇಶೋತ್ಸವದ ಆಹ್ವಾನ ಪತ್ರದಲ್ಲಿ ‘ಡಾ. ತೃಪ್ತಿ’ ಎಂದು ಅಚ್ಚು ಹಾಕಿಸಿಬಿಟ್ಟರು. “ಸ್ವಲ್ಪ ಡೀಸೆಂಟ್ ಆಗಿರ್ಲಿ ಅಂತ ಮೇಡಂ” ಎಂದರು.

“ರೋಮಿನೋರೂ ಹಿಂಗೇ ಮಾಡಿದ್ರು ರಂಗನಾಥ್. ಊರ ದೇವರ ಹೆಸರು ನಾಲಿಗೇಲಿ ಹೊರಳಲಿಲ್ಲ ಅಂದ್ರೆ ತಮ್ಮ ದೇವರ ಹೆಸರು ಅಂಟಿಸೋರು. ಪಾಪ, ಅವ್ರು ಹಳೇ ಹೆಸರನ್ನೂ ಪಕ್ಕದಾಗೆ ಉಳಿಸ್ತಿದ್ರು.”

ಅಂಕಲ್‌ಗೆ ಅದು ಹೊಗಳಿಕೆಯೆನಿಸಿ ಥ್ಯಾಂಕ್ಸ್ ಹೇಳಿದರು.

ಹಬ್ಬದ ತಯಾರಿಯ ಸಭೆಯಲ್ಲಿ ಮೇಡಂ ಒಂದೇ ಒಂದು ಬೇಡಿಕೆ ಇಟ್ಟರು. ಪೂಜೆಗೆ ಮುಂಚೆ ಎಲ್ಲಿ ಕುಳಿತಿದ್ದೇವೆಂದು ದೇವರಿಗೆ ವಿಳಾಸ ಹೇಳುವ ಸಂಕಲ್ಪವಿದೆಯಲ್ಲ, ಅದರಲ್ಲಿ ನಮ್ಮ ಭಟ್ಟರು ಸಿಡ್ನಿಯಲ್ಲಿ ಕುಳಿತೂ ‘ಭರತಖಂಡೇ, ಗೋದಾವರ್ಯಾಃ ದಕ್ಷಿಣೇ ತೀರೇ’ ಎನ್ನುತ್ತಿದ್ದರು. “ಇಲ್ಲಿ ಹೊಳೆ ಹೆಸರು ಹೇಳಿ. ಈ ನೆಲದ ದೇವರಿಗೆ ಒಂದು ನಮಸ್ಕಾರ ಹಾಕಿ. ಅವ್ರನ್ನ ಕೇಳದೇ ಬಂದು ಕುಂತಿದೀವಿ” ಎಂದರು.

ರಂಗನಾಥ್ ಅಂಕಲ್ ಯೋಚಿಸಿದರು. “ಸಿಡ್ನಿ ಗೋದಾವರಿಗೆ ದಕ್ಷಿಣಕ್ಕೇ ಇದೆಯಲ್ಲ ಮೇಡಂ. ಟೆಕ್ನಿಕಲಿ ಕರೆಕ್ಟ್.” ಸಭೆ ಚಪ್ಪಾಳೆ ತಟ್ಟಿತು.

ಹಬ್ಬದ ದಿನ ಭಟ್ಟರ ಗಂಟಲು ಕಟ್ಟಿತು. ಸುತ್ತಲಿನ ಸಬರ್ಬುಗಳಿಗೆಲ್ಲ ಮಂತ್ರ ಹಂಚಿ ಬಂದಿದ್ದರು. ಹಾಲ್ ತುಂಬ ಜನ. ಅಂಕಲ್ ನನ್ನ ಕೈಗೆ ಮೈಕ್ ತುರುಕಿದರು: “ಲೋ, ನೀನು ಭಟ್ರನ್ನ ಥೇಟ್ ಮಾಡ್ತೀಯಲ್ಲ. ಅವ್ರು ಮುಂದೆ ಬಾಯಾಡಿಸ್ಲಿ, ನೀನು ಪರದೆ ಹಿಂದೆ ಕೂತ್ಕೊ.” ನನಗೆ ಭಟ್ಟರ ಮೂಗುದನಿ, ಕೆಮ್ಮು, ಎಲ್ಲ ಬರುತ್ತಿತ್ತು; ಮಂತ್ರ ಬರುತ್ತಿರಲಿಲ್ಲ. ಸಂಸ್ಕೃತವನ್ನೂ ಓದಿದ್ದ ಮೇಡಂ ಪಕ್ಕದಲ್ಲಿ ಕುಳಿತು ಕಿವಿಯಲ್ಲಿ ಉಸುರಿದರು, ನಾನು ಭಟ್ಟರ ದನಿಯಲ್ಲಿ ಊದಿದೆ. ಗೋದಾವರಿ ಬರಬೇಕಾದ ಜಾಗದಲ್ಲಿ ಅವರು ಉಸುರಿದ್ದು: ‘ಪರಮಟ್ಟಾನದೀತೀರೇ, ಅಜ್ಞಾತನಾಮಭ್ಯಃ ಸ್ಥಲದೇವತಾಭ್ಯೋ ನಮಃ.’ ಪ್ಯಾರಮಾಟಾ ಹೊಳೆಯ ದಡದಲ್ಲಿ, ಹೆಸರು ಗೊತ್ತಿಲ್ಲದ ಈ ಸ್ಥಳದ ದೇವರುಗಳಿಗೆ ನಮಸ್ಕಾರ. ಮೂಗಿನಲ್ಲಿ ಹೇಳಿದರೆ ಪ್ಯಾರಮಾಟಾ ಅಪ್ಪಟ ವೇದವಾಗುತ್ತದೆ. ಅಂಕಲ್ ಕಣ್ಣುಮುಚ್ಚಿ ತಲೆದೂಗಿದರು. ಭಟ್ಟರ ಕೈ ಮಾತ್ರ ಒಂದು ಕ್ಷಣ ನಿಂತಿತು. ಪರದೆಯತ್ತ ನೋಡಿ, ಒಂದು ಉದ್ಧರಣೆ ನೀರು ಹೆಚ್ಚಿಗೆ ಬಿಟ್ಟರು.

ಗೆದ್ದೆವೆಂದು ನಾನು ಹಲ್ಲು ಕಿರಿದೆ. ಮೇಡಂ ನಗಲಿಲ್ಲ. “ನಿನ್ನ ಬಾಯಿ, ಭಟ್ರ ದನಿ, ಪರದೆ ಹಿಂದೆ. ನಮ್ಮಪ್ಪ ಬಚ್ಚಿಟ್ಕಂಡು ಪೂಜೆ ಮಾಡ್ದೋನಲ್ಲ ಕಣ್ಲಾ.”

ಆಮೇಲೆ ನನಗೆ ಮೆಲ್ಬರ್ನಿನಲ್ಲಿ ಕೆಲಸ ಸಿಕ್ಕಿತು, ಊರಂಚಿನ ಟಾರ್ನೀಟಿನ ಬಯಲಲ್ಲಿ ಮಾರ್ಟ್‌ಗೇಜಿನ ಮನೆ ಎದ್ದಿತು. ಅದೇ ಹೊತ್ತಿಗೆ ಮೇಡಂಗೆ ಜರ್ಮನಿಯ ಒಂದು ಸಣ್ಣ ಮ್ಯೂಸಿಯಮ್ಮಿನಲ್ಲಿ ರೋಮನ್ನರ ಕಲ್ಲುಗಳನ್ನು ನೋಡಿಕೊಳ್ಳುವ ಕೆಲಸವಾಗಿತ್ತು. ಹೊರಡುವ ಮುಂಚೆ ಗೃಹಪ್ರವೇಶ ನಡೆಸಿಕೊಡಿ ಎಂದು ಫೋನ್ ಮಾಡಿದೆ.

“ಭಟ್ರು ಸಿಗ್ಲಿಲ್ವೇನ್ಲಾ?”

“ಸಿಕ್ಕಿದ್ರು ಮೇಡಂ. ಬೇಡ ಅಂದೆ.”

ಆ ಕಡೆ ಮೂಗು ಒರೆಸಿಕೊಂಡಂತೆ ಕೇಳಿಸಿತು. “ಚೊಂಬು ಐತೇನು?” ಎಂದರು.

ಬಂದರು. ದಾವಣಗೆರೆಯಲ್ಲಿದ್ದ ಅಮ್ಮನಿಗೆ ಭಟ್ಟರೇ ಆಗಬೇಕಿತ್ತು; ಫೋನಿನಲ್ಲಿ ಭಟ್ಟರ ದನಿಯಲ್ಲಿ ನಾನೇ ಆಶೀರ್ವಾದ ಮಾಡಿ ಮುಗಿಸಿದೆ. ಮೇಡಂ ಸೆರಗು ಬಿಗಿದು, ಎಲ್ಲರೆದುರು, ತಮ್ಮದೇ ಗಟ್ಟಿ ದನಿಯಲ್ಲಿ ಕನ್ನಡದಲ್ಲೇ ಶುರು ಮಾಡಿದರು. ನಡುವೆ ನಿಂತರು. “ಇಲ್ಲಿ ಹೊಳೆ ಯಾವ್ದು?”

ಮೂವತ್ತು ವರ್ಷದ ಸಾಲಕ್ಕೆ ಸಹಿ ಹಾಕಿದವನಿಗೆ ಹೊಳೆ ಗೊತ್ತಿರಲಿಲ್ಲ. ಬೇಲಿಯಾಚೆಯ ಮುದುಕನನ್ನು ಕೇಳಿ ಓಡಿಬಂದೆ: ವೆರಿಬೀ. “ವೆರಿಬೀ ದಂಡೆಯವ್ವ, ನೀ ಯಾರಾದ್ರೂ ಸರಿ, ಈ ಕೋತಿ ಬಂದೈತೆ, ನೋಡ್ಕೊ” ಎಂದು ನೀರು ಬಿಟ್ಟರು. ಹೋಗುವಾಗ ಹೊಸ್ತಿಲಲ್ಲಿ ರಂಗೋಲಿ ಪುಡಿಯಿಂದ ಸಿಪಾಯಿಯ ಆ ನಾಲ್ಕು ಅಕ್ಷರ ಬರೆದರು. ನೆಂಟರು ಅದು ಬಿಲ್ಡರ್‌ನ ಗುರುತೆಂದು ದಾಟಿಕೊಂಡು ಹೋದರು.

ಅವರು ವಿಮಾನ ಹತ್ತುವಷ್ಟರಲ್ಲಿ ಬಯಲ ಗಾಳಿ ಅಕ್ಷರಗಳನ್ನು ಒಯ್ದಿತ್ತು. ಉಳಿದ ಪುಡಿಯಲ್ಲಿ ನಾನೇ ಮತ್ತೆ ಬರೆದೆ, ಎಸ್ ತಿರುಗುಮುರುಗಾಯಿತು. ಅಳಿಸಲಿಲ್ಲ. ಮೇಡಂ ಇದ್ದಿದ್ದರೆ ಮಂಡಿಯೂರಿ, ಟಾರ್ಚ್ ಓರೆ ಹಿಡಿದು, ತಲೆಯೆತ್ತದೆ ಹೇಳುತ್ತಿದ್ದರು: “ಬರ್ದೋನು ಇದೇ ಊರೋನು. ಲ್ಯಾಟಿನ್ ಬರಾಕಿಲ್ಲ. ಭಕ್ತಿ ಐತೆ.”