ದೇರಣ್ಣ ಮಾಸ್ಟ್ರ ನಿದ್ದೆಯ ಮದ್ದುಗಳು

ದೇರಣ್ಣ ಮಾಸ್ಟ್ರು ಮದ್ದುಗಳಿಗೂ ಅಂಕ ಕೊಡುತ್ತಿದ್ದರು. ಸಿದ್ಧಕಟ್ಟೆಯ ಅವರ ಬಾಡಿಗೆ ಮನೆಯ ಕಿಟಕಿಯಲ್ಲಿ ಸೀಸೆ, ಪೊಟ್ಟಣಗಳು ಸಾಲಾಗಿ ಕೂತಿರುತ್ತಿದ್ದವು. ಒಂದೊಂದರ ಮೇಲೂ, ಮಕ್ಕಳ ಉತ್ತರ ತಿದ್ದುವ ಅದೇ ಕೆಂಪು ಶಾಯಿಯ ಬರಹ. ಜಾಯಿಕಾಯಿ, ಹತ್ತಕ್ಕೆ ಮೂರು. ತಲೆಗೆ ತಿಕ್ಕುವ ಜಟಾಮಾಂಸಿ ಎಣ್ಣೆ, ಹತ್ತಕ್ಕೆ ಎರಡು. ನರಗಳಿಗೆ ಶಾಂತಿ ಕೊಡುತ್ತೇನೆಂದು ಚೀಟಿ ಅಂಟಿಸಿಕೊಂಡು ಬಂದ ಒಂದು ಟಾನಿಕ್ಕಿಗೆ ಸೊನ್ನೆ, ಅದರ ಕೆಳಗೆ 'ಸುಳ್ಳು ಹೇಳಿದ್ದಕ್ಕೆ' ಎಂಬ ಷರಾ ಬೇರೆ. ಎಲ್ಲವೂ ನಿದ್ದೆಯ ಮದ್ದುಗಳೇ. ಹೆಂಡತಿ ಕಮಲಕ್ಕ ತೀರಿಕೊಂಡ ಮೇಲೆ ಮಾಸ್ಟ್ರಿಗೆ ನಿದ್ದೆ ಬರುತ್ತಿರಲಿಲ್ಲ.

ಐವತ್ತರ ದಶಕದ ಕೊನೆಗೆ ನಾನು ಅಲ್ಲಿಯ ಶಾಲೆಗೆ ಹೊಸ ಮಾಸ್ತರನಾಗಿ ಹೋದಾಗ ಅವರೇ ಕರೆದು ಚಾವಡಿ ಪಕ್ಕದ ಕೋಣೆ ಕೊಟ್ಟಿದ್ದರು. ಬೆಳಗ್ಗೆ ಕಾಫಿಯ ಜೊತೆಗೆ ಫಲಿತಾಂಶವೂ ಸಿಗುತ್ತಿತ್ತು. ಅವರ ಕ್ರಮ ಬಿಗಿ. ಒಂದು ಮದ್ದಿಗೆ ಏಳು ದಿನ, ಎಂಟನೆಯ ದಿನ ಅಂಕ.

"ಗಸಗಸೆ ಪಾಯಸ ಹೇಗಾಯ್ತು ಮಾಸ್ಟ್ರೇ?"

"ಪಾಯಸ ಲಾಯ್ಕುಂಟು ಮಾರಾಯ. ಪಾಯಸಕ್ಕೆ ಎಂಟು ಕೊಡ್ತೇನೆ, ಮದ್ದಿಗೆ ಎರಡು."

"ಯಾವುದೂ ಹಿಡಿಯುವುದಿಲ್ಲ ಅಂತಾದ ಮೇಲೆ ಯಾಕೆ ತೆಗೊಳ್ಳುವುದು?"

"ಪರೀಕ್ಷೆಗೆ ಕೂರಿಸದೆ ಫೇಲು ಮಾಡ್ಲಿಕ್ಕೆ ಆಗ್ತದಾ?"

ಆದಿತ್ಯವಾರ ಇಬ್ಬರೂ ಬಸ್ಸು ಹತ್ತಿ ಪಾಣೆಮಂಗಳೂರಿಗೆ ಹೋಗುತ್ತಿದ್ದೆವು. ಅಲ್ಲಿ ಬೇರು, ಕಷಾಯದ ಪುಡಿ ಮಾರುವ ಗ್ರಂಥಿಗೆ ಅಂಗಡಿಯ ಪೈಗಳ ಮುಂದೆ ಮಾಸ್ಟ್ರು ಅಂಕ ಬರೆದ ಪೊಟ್ಟಣ ಇಡುವರು. ಪೈಗಳು ಕನ್ನಡಕ ಏರಿಸಿ ಓದಿ, ಅದನ್ನು ಮೆಲ್ಲಗೆ ಮೇಜಿನ ಕೆಳಗೆ ಸರಿಸುವರು.

"ಮಾಸ್ಟ್ರೇ, ಇದರಲ್ಲೇ ನನ್ನ ಅಮ್ಮನಿಗೆ ಚೆಂದ ನಿದ್ದೆ ಬರ್ತದೆ."

"ಅವರ ಪುಣ್ಯ. ಮನೆ ತುಂಬ ಜನ ಉಂಟಲ್ಲ. ಬೇರೆ ಏನುಂಟು, ತೋರಿಸಿ."

ವಾಪಸು ಬರುವಾಗ ಬಂಟ್ವಾಳ ದಾಟುವುದರೊಳಗೆ ನನ್ನ ಗೊರಕೆ. ಸಿದ್ಧಕಟ್ಟೆಯಲ್ಲಿ ಎಬ್ಬಿಸಿ, "ನಿನ್ನದು ಯಾವ ಅಂಗಡಿಯ ಮದ್ದು ಮಾರಾಯ?" ಎಂದು ಕೇಳುತ್ತಿದ್ದರು. ನಗುತ್ತಲೇ ಕೇಳುತ್ತಿದ್ದರು. ಆದರೆ ಆ ಕಣ್ಣುಗಳ ಕೆಂಪು ನೋಡಿದರೆ ನನಗೆ ತಪ್ಪು ಮಾಡಿದ ಹಾಗಾಗುತ್ತಿತ್ತು.

ಒಮ್ಮೆ ಐದನೆಯ ತರಗತಿಯಿಂದ ಸದ್ದೇ ಇಲ್ಲ. ಲೆಕ್ಕದ ತರಗತಿ ಇಷ್ಟು ತಣ್ಣಗಿರುವುದುಂಟೇ ಎಂದು ಹೆಡ್ಮಾಸ್ಟ್ರು ಹೋಗಿ ಇಣುಕಿದರು, ಹಿಂದೆಯೇ ನಾನೂ. ಮಾಸ್ಟ್ರು ಕುರ್ಚಿಯಲ್ಲಿ ಗಾಢ ನಿದ್ದೆಯಲ್ಲಿದ್ದರು. ಮಕ್ಕಳು ಸದ್ದಾಗಬಾರದೆಂದು ಸ್ಲೇಟನ್ನು ಮಡಿಲಲ್ಲಿಟ್ಟುಕೊಂಡು, ಉಸಿರು ಬಿಗಿಹಿಡಿದು ಕೂತಿದ್ದವು.

"ಇನ್ಸ್‌ಪೆಕ್ಟರು ಕಂಡರೆ ನಿಮ್ಮ ಕೆಲಸ ಹೋಗ್ತದೆ ದೇರಣ್ಣ," ಎಂದರು ಹೆಡ್ಮಾಸ್ಟ್ರು, ಆಮೇಲೆ ಒಬ್ಬರನ್ನೇ ಕರೆದು. ಅಂದಿನಿಂದ ಮಾಸ್ಟ್ರು ತರಗತಿಯಲ್ಲಿ ಕುರ್ಚಿ ಮುಟ್ಟಲಿಲ್ಲ. ಕಾಲು ಊದಿಕೊಂಡರೂ ನಿಂತೇ ಪಾಠ. ಆ ನಿದ್ದೆಗೆ ಎಷ್ಟು ಅಂಕ ಎಂದು ನಾನು ಕೇಳಿದ್ದಕ್ಕೆ, "ಅದು ಮಕ್ಕಳಿಂದ ಕದ್ದದ್ದು, ಅದಕ್ಕೆ ಅಂಕ ಇಲ್ಲ," ಎಂದಿದ್ದರು.

ನಾಲ್ಕು ವರ್ಷದ ಮೇಲೆ ನನಗೆ ಕುಂದಾಪುರದ ಕಡೆಗೆ ವರ್ಗವಾಯಿತು. ಮೂಡುಬಿದಿರೆಯಲ್ಲಿ ಬಸ್ಸು ಬದಲಾಯಿಸಿ ಕಾರ್ಕಳಕ್ಕೆ ಹೋಗಬೇಕು. ಮೂಡುಬಿದಿರೆಯವರೆಗೆ ಬರುತ್ತೇನೆಂದು ಮಾಸ್ಟ್ರೂ ಹೊರಟರು. ಬಸ್ಸಿನಲ್ಲಿ ನನ್ನ ಪಕ್ಕ ಕೂತು, "ಅಲ್ಲಿ ಬಾವಿ ನೀರು ಉಪ್ಪುಂಟಂತೆ. ನೋಡಿ ಮನೆ ಹಿಡಿ. ಮತ್ತೆ ಊಟಕ್ಕೆ..." ಎನ್ನುತ್ತಿದ್ದವರು ಅಲ್ಲಿಗೇ ನಿಲ್ಲಿಸಿದರು. ತಲೆ ನನ್ನ ಭುಜದ ಮೇಲೆ ಬಂತು.

ನಾನು ಅಲುಗಾಡಲಿಲ್ಲ. ಬಸ್ಸು ಹೊಂಡಕ್ಕೆ ಬಿದ್ದು ಎದ್ದರೂ ಅವರಿಗೆ ಎಚ್ಚರವಿಲ್ಲ. ತೋಳು ಜೋಮು ಹಿಡಿದಿತ್ತು, ಆದರೆ ಆ ದಾರಿ ಇನ್ನೂ ಉದ್ದವಿರಬಾರದಿತ್ತೇ ಅನ್ನಿಸಿತು. ಮೂಡುಬಿದಿರೆಯಲ್ಲಿ ಎಲ್ಲರೂ ಇಳಿದರು. ಕಂಡಕ್ಟರ್ ನಮ್ಮನ್ನು ನೋಡಿ, "ಮಲಗಲಿ ಪಾಪ, ಬಸ್ಸು ಹೊರಡ್ಲಿಕ್ಕೆ ಇನ್ನೂ ಹೊತ್ತುಂಟು," ಎಂದು ಚಹಾಕ್ಕೆ ಹೋದ. ಅತ್ತ ಕಾರ್ಕಳದ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ನಾನು ಅವರ ಭುಜ ಹಿಡಿದು ಅಲುಗಿಸಿದೆ.

"ಬಂತಾ?" ಎಂದರು. ಗುರುತು ಸಿಗದವರ ಹಾಗೆ ಒಂದು ಗಳಿಗೆ ನನ್ನನ್ನು ನೋಡಿ, ನನ್ನ ಟ್ರಂಕು ಎತ್ತಿಕೊಂಡು ಮುಂದೆ ನಡೆದರು.

ಕುಂದಾಪುರಕ್ಕೆ ಅವರದೊಂದು ಕಾರ್ಡು ಬಂತು. ಕೆಂಪು ಶಾಯಿ. "ಮೂಡುಬಿದಿರೆ ಬಸ್ಸು, ಹತ್ತಕ್ಕೆ ಒಂಬತ್ತು. ಎಬ್ಬಿಸಿದ್ದಕ್ಕೆ ಒಂದು ಕಡಿತ." ಅಷ್ಟೇ.

ಬೇಸಿಗೆ ರಜೆಯಲ್ಲಿ ಹೋಗಬೇಕು, ಅದೇ ಬಸ್ಸಿನಲ್ಲಿ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಡೀ ದಿನ ಹೋಗಿ ಬಂದು ಮಾಡಬೇಕು ಎಂದುಕೊಂಡಿದ್ದೆ. ರಜೆಗೆ ಮೊದಲೇ ಅವರು ತೀರಿಕೊಂಡ ಸುದ್ದಿ ಬಂತು.

ಈಗ ನನಗೂ ನಿದ್ದೆ ಕಡಿಮೆ. ಮೆಡಿಕಲ್ ಅಂಗಡಿಯಿಂದ ಮಗಳು ತಂದುಕೊಡುವ ಮಾತ್ರೆ ಡಬ್ಬಗಳ ಮೇಲೆ ಕೆಂಪು ಪೆನ್ನಿನಲ್ಲಿ ಅಂಕ ಬರೆಯುತ್ತೇನೆ. ಇಲ್ಲಿಯವರೆಗೆ ಯಾವುದೂ ನಾಲ್ಕು ದಾಟಿಲ್ಲ. ಮಾಸ್ಟ್ರು ಕಡಿದ ಆ ಒಂದು ಅಂಕ ಮಾತ್ರ ದಿನಾ ನೆನಪಾಗುತ್ತದೆ. ಅಂದು ಕಾರ್ಕಳಕ್ಕೆ ಮಧ್ಯಾಹ್ನ ಇನ್ನೊಂದು ಬಸ್ಸಿತ್ತು. ನನಗೆ ಅದು ಗೊತ್ತಿತ್ತು.