ಫೇಲಾದ ಸಿನಿಮಾಕ್ಕೆ ಪ್ರಶಸ್ತಿ

ಎಪ್ಪತ್ತರ ದಶಕದಲ್ಲಿ ಮದ್ದೂರಿನಿಂದ ಮಳವಳ್ಳಿಗೆ ಹೊರಡುವ ಬೆಳಗಿನ ಬಸ್ಸಿನಲ್ಲಿ ನನ್ನನ್ನು ಕಂಡರೆ ಅರ್ಧ ಜನಕ್ಕೆ ಖುಷಿ, ಇನ್ನರ್ಧ ಜನಕ್ಕೆ ಮೈಯುರಿ. ಎರಡಕ್ಕೂ ಕಾರಣ ಒಂದೇ. ಭಾನುವಾರ ನಾನು ಮಂಡ್ಯಕ್ಕೆ ಹೋಗಿ ಹೊಸ ಸಿನಿಮಾದ ಮ್ಯಾಟಿನಿ ನೋಡಿ ಬರುತ್ತಿದ್ದೆ. ಸೋಮವಾರ ಬಸ್ಸಿನಲ್ಲಿ ಅದರ ರಿಸಲ್ಟು ಹೇಳುತ್ತಿದ್ದೆ. ಮಳವಳ್ಳಿಯ ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದೆನಲ್ಲ, ನನ್ನ ವಿಮರ್ಶೆಯೂ ಶಾಲೆಯದೇ. ಒಂದು ಪಾಸು, ಇನ್ನೊಂದು ಫೇಲು, ನಡುವೆ ಪಾಪ ಎಂದು ದಾಟಿಸಿಬಿಟ್ಟ ಜಸ್ಟ್ ಪಾಸು.

ಇದನ್ನು ನಾನಾಗಿ ಶುರು ಮಾಡಿದ್ದಲ್ಲ. ಮುಂದಿನ ಸೀಟುಗಳಲ್ಲಿ ಕೂರುತ್ತಿದ್ದ ಹೆಂಗಸರು, ಆಸ್ಪತ್ರೆಯ ಆಯಾ, ತರಕಾರಿ ಬುಟ್ಟಿಯವರು, ತವರಿಗೆ ಹೊರಟ ಬಸುರಿಯರು, ಕೇಳಿ ಕೇಳಿ ಶುರು ಮಾಡಿಸಿದ್ದು. ಅವರಿಗೆ ಸಿನಿಮಾ ಎಂದರೆ ಗಂಡನನ್ನು ಒಪ್ಪಿಸಿ, ಅತ್ತೆಯನ್ನು ಒಪ್ಪಿಸಿ, ಮಗುವನ್ನು ಯಾರ ಸೊಂಟಕ್ಕೋ ದಾಟಿಸಿ ಹೋಗುವ ಮಾತು. ಅಷ್ಟೆಲ್ಲ ಮಾಡಿ ಹೋದಾಗ ಸಿನಿಮಾ ಕೆಟ್ಟದಾಗಿದ್ದರೆ ಮತ್ತೆ ಯುಗಾದಿಯವರೆಗೆ ಬಾಯಿ ಮುಚ್ಚಿಕೊಂಡಿರಬೇಕು. ಅದಕ್ಕೇ ಮೊದಲು ನನ್ನನ್ನು ಕೇಳುತ್ತಿದ್ದರು. ಪತ್ರಿಕೆಯಲ್ಲಿ ಬರೆಯುವ ಯಾವ ಪಂಡಿತನಿಗೂ ಅಷ್ಟು ಜವಾಬ್ದಾರಿ ಇರಲಿಲ್ಲ ಎಂದು ನಾನು ಈಗಲೂ ಹೇಳುತ್ತೇನೆ. ಹೆಣ್ಣುಮಗಳೊಬ್ಬಳು ಬಸ್ಸಿನಲ್ಲಿ ಗಂಟಲು ಬಿಚ್ಚಿ ಸಿನಿಮಾ ಮಾತಾಡುವುದೇ ಎಂದು ಹಿಂದಿನ ಸೀಟಿನ ಪಂಚೆಯವರು ಮೂಗು ಮುರಿಯುತ್ತಿದ್ದರು. ಮುರಿಯಲಿ, ಮೂಗು ಅವರದು. ಕಿವಿಯನ್ನು ಮಾತ್ರ ನನ್ನ ಕಡೆಗೇ ಇಟ್ಟಿರುತ್ತಿದ್ದರು.

ಹೀಗಿರುವಾಗ ಒಂದು ವರ್ಷ ಮದ್ದೂರಿನ ನಮ್ಮ ಮನೆಯಲ್ಲಿ ಅಕ್ಕ ಬಂದು ಕೂತಿದ್ದಳು. ಅವಳನ್ನು ಮಂಡ್ಯದಲ್ಲಿ ಆಫೀಸು ಕೆಲಸದಲ್ಲಿದ್ದವನಿಗೆ ಕೊಟ್ಟಿತ್ತು. ಒಂದು ಸಂಜೆ ಸಂತೆಯಿಂದ ಬರುವುದು ತಡವಾಯಿತೆಂದು ಭಾವ ಅನುಮಾನ ಪಟ್ಟು ಬಾಗಿಲು ಹಾಕಿಕೊಂಡನಂತೆ. ಅಕ್ಕ ಬೆಳಗಾಗುವ ತನಕ ಜಗಲಿಯ ಮೇಲೆ ಕೂತಿದ್ದು, ಮಾರನೆಯ ದಿನ ಬಸ್ಸು ಹತ್ತಿ ನಮ್ಮ ಬಾಗಿಲಿಗೆ ಬಂದಳು. ಅಷ್ಟನ್ನೇ ಹೇಳಿದಳು. ನಾವೂ ಅಷ್ಟಕ್ಕೇ ಸುಮ್ಮನಾದೆವು.

ಅಪ್ಪ ತೀರಿಹೋದ ಮೇಲೆ ನಮ್ಮ ಮನೆಯ ಮಾತೆಲ್ಲ ದೊಡ್ಡಪ್ಪನದು. ಗೆಜ್ಜಲಗೆರೆ ಕಡೆ ಗದ್ದೆ, ಕಬ್ಬು, ಹತ್ತು ಜನ ಕರೆದು ಕೂರಿಸುವ ಮರ್ಯಾದೆ. ಕೆಟ್ಟವರಲ್ಲ, ನನ್ನನ್ನು ಓದಿಸಿ ಟೀಚರು ಮಾಡಿಸಿದವರೂ ಅವರೇ. ಆದರೆ ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎಂಬ ಗಾದೆ ಅವರಿಗೆ ಗಾದೆಯಲ್ಲ, ಕಾನೂನು. ಬಂದಾಗಲೆಲ್ಲ ಅಕ್ಕನನ್ನು ಕೂರಿಸಿಕೊಂಡು ಅದೇ ರಾಗ: "ಗಂಡ ಎಂಡ್ರು ಜಗಳ ಉಂಡು ಮಲಗೋ ಗಂಟ ಕಣವ್ವ."

"ಅವತ್ತು ಅವ್ಳು ಉಂಡೂ ಇರ್ಲಿಲ್ಲ ದೊಡ್ಡಪ್ಪ, ಮಲ್ಗಿದ್ದೂ ಜಗ್ಲಿ ಮ್ಯಾಲೆ," ಎಂದೆ ನಾನು. ಅವ್ವ ಅಡುಗೆಮನೆಯಿಂದ ಕಣ್ಣು ಬಿಟ್ಟಳು. ದೊಡ್ಡಪ್ಪ ನನ್ನ ಮಾತು ಕೇಳಿಸದವರಂತೆ ಎಲೆಗೆ ಸುಣ್ಣ ಸವರಿದರು.

ಅಷ್ಟರಲ್ಲಿ ಮಂಡ್ಯಕ್ಕೆ ಒಂದು ಸಿನಿಮಾ ಬಂತು. ಗಂಡ ಅನುಮಾನ ಪಟ್ಟು ಹೆಂಡತಿಯನ್ನು ಆಚೆ ಹಾಕುತ್ತಾನೆ. ಅವಳು ಸುರಿಯುವ ಮಳೆಯಲ್ಲಿ ಬಾಗಿಲ ಮುಂದೆ ನಿಂತು ಒಂದು ಪೂರ್ತಿ ಹಾಡು ಹಾಡುತ್ತಾಳೆ. ಕೊನೆಗೆ ಬಾಗಿಲು ತೆರೆಯುತ್ತದೆ, ಅವಳು ಕಾಲಿಗೆ ಬೀಳುತ್ತಾಳೆ, ಅವನು ಎತ್ತಿಕೊಳ್ಳುತ್ತಾನೆ, ಶುಭಂ. ಮೊದಲ ಭಾನುವಾರವೇ ನೋಡಿದೆ. ಸೋಮವಾರ ಬಸ್ಸು ಹತ್ತಿ ಕೂರುವ ಮೊದಲೇ ಫೇಲು ಎಂದೆ.

ಕಂಡಕ್ಟರು ಟಿಕೆಟ್ಟು ಹರಿಯುವುದನ್ನೇ ನಿಲ್ಲಿಸಿದ. ಅವನೂ ಸಿನಿಮಾ ಹುಚ್ಚ. ಆ ನಾಯಕಿಯ ಚಿತ್ರ ಯಾವುದೂ ಬಿಟ್ಟವನಲ್ಲ. "ಎಂಗಸ್ರೆಲ್ಲ ಸೆರಗು ನೆನ್ಯಂಗೆ ಅಳ್ತಾವ್ರೆ, ನೀವು ಫೇಲು ಅಂತೀರಲ್ಲ ಟೀಚರಮ್ಮ!"

"ಈರುಳ್ಳಿ ಎಚ್ಚುದ್ರೂ ಅಳು ಬತ್ತದೆ ಕಣಪ್ಪ. ಆ ನಾಯಕಿ ಚೆನ್ನಾಗೇ ಮಾಡವ್ಳೆ, ಬ್ಯಾಡ ಅನ್ನಕಿಲ್ಲ. ಕತೆ ಸುಳ್ಳು. ಬಾಗ್ಲು ಆಕ್ದೋನು ಏನೂ ಕಲೀನಿಲ್ಲ, ಮಳೇಲಿ ನಿಂತೋಳೇ ತೆಪ್ಪು ಒಪ್ಕಂಡ್ಳು. ಏನ್ ತೆಪ್ಪು ಅಂತ ಡೈರೆಕ್ಟ್ರಿಗೂ ಗೊತ್ತಿಲ್ಲ."

"ಅಂಗಾರೆ ಇದ್ಕೆ ಪ್ರಶಸ್ತಿ ಬರಕಿಲ್ವಾ?" ಎಂದಳು ಆಸ್ಪತ್ರೆಯ ಆಯಾ. ಸರ್ಕಾರದ ಪ್ರಶಸ್ತಿ ಯಾವುದಕ್ಕೆ ಎಂದು ವರ್ಷಕ್ಕೊಮ್ಮೆ ನಮ್ಮ ಬಸ್ಸಿನಲ್ಲಿ ದೊಡ್ಡ ಪಂದ್ಯ ನಡೆಯುತ್ತಿತ್ತು. ಸೋತವರು ಮುಂದಿನ ಸೀಟಿನವರಿಗೆಲ್ಲ ವಡೆ ಕೊಡಿಸಬೇಕು.

"ಬತ್ತದೆ. ಇದ್ಕೇ ಬತ್ತದೆ, ಬರ್ಕೊಳ್ಳಿ," ಎಂದೆ. "ಪ್ರಶಸ್ತಿ ಕೊಡಕೆ ಕೂತಿರೋರೂ ಎಣ್ಣು ಕೊಟ್ಟಿರೋ ಅಪ್ಪಂದ್ರೇ ತಾನೆ? ಕೊಟ್ಟ ಮಗ್ಳು ವಾಪಸ್ಸು ಬರ್ದೇ ಇರೋ ಕತೆ ಅಂದ್ರೆ ಅವ್ರಿಗೆ ಪ್ರಾಣ."

ಹೆಂಗಸರು ಬಿದ್ದು ಬಿದ್ದು ನಕ್ಕರು. ಕಂಡಕ್ಟರು, ಟೀಚರಮ್ಮ ಫೇಲು ಮಾಡಿದ್ದನ್ನು ಸರ್ಕಾರ ಪಾಸು ಮಾಡಿದ ಉದಾಹರಣೆಯೇ ಇಲ್ಲ, ಈ ಸಲ ಪ್ರಶಸ್ತಿ ಬರುವುದಿಲ್ಲ ಎಂದು ಪಂದ್ಯ ಕಟ್ಟಿದ. ನಾಯಕಿಯ ಮೇಲಿನ ಅಭಿಮಾನಕ್ಕಿಂತ ನನ್ನನ್ನು ಸೋಲಿಸುವ ಚಪಲ ಅವನಿಗೆ ದೊಡ್ಡದಾಗಿತ್ತು.

ಆ ಸಿನಿಮಾ ಮಂಡ್ಯದಲ್ಲಿ ಕಿಕ್ಕಿರಿದು ಓಡಿತು. ಹೆಂಡತಿಯ ಮೇಲೆ ಮುನಿದ ಗಂಡಂದಿರು ತಾವೇ ಟಿಕೆಟ್ಟು ತಂದು ಕೊಡುತ್ತಿದ್ದರು. ಸೊಸೆಯರನ್ನು ಅತ್ತೆಯರೇ ಹೊರಡಿಸುತ್ತಿದ್ದರು. ಜ್ವರಕ್ಕೆ ಕಷಾಯ ಕುಡಿಸುವ ಹಾಗೆ ಹೆಣ್ಣುಮಕ್ಕಳಿಗೆ ಆ ಸಿನಿಮಾ ಕುಡಿಸಿದ ಕಾಲ ಅದು. ಪೌರಾಣಿಕ ಬಿಟ್ಟು ಬೇರೇನೂ ನೋಡದಿದ್ದ ನಮ್ಮ ದೊಡ್ಡಪ್ಪನಿಗೂ ಯಾರೋ ಹೇಳಿದರು. ಒಂದು ಮಧ್ಯಾಹ್ನ ಅಕ್ಕ, ಅವ್ವ, ನಾನು ಮೂವರನ್ನೂ ರೈಲಿಗೆ ಹತ್ತಿಸಿಕೊಂಡು ಹೊರಟೇಬಿಟ್ಟರು.

ನಾನು ಪರದೆಯನ್ನು ನೋಡಲಿಲ್ಲ, ಅಕ್ಕನನ್ನು ನೋಡಿದೆ. ಮಳೆಯ ಹಾಡು ಬಂದಾಗ ಹೆಂಗಸರ ಕಡೆಯಿಡೀ ಮೂಗು ಸೊರಸೊರ ಎನ್ನುತ್ತಿತ್ತು. ಅವ್ವನೂ ಅತ್ತಳು. ಅಕ್ಕ ಅಳಲಿಲ್ಲ. ಬಾಗಿಲು ತೆರೆದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ಅಕ್ಕ ಮಾತ್ರ ನನ್ನ ಕೈಯನ್ನು ಉಗುರು ನಾಟುವಷ್ಟು ಗಟ್ಟಿಯಾಗಿ ಹಿಡಿದಳು. ಏನಾಯಿತೆಂದು ಕೇಳಿದೆ. ಏನಿಲ್ಲ ಎಂದಳು.

ವಾಪಸ್ಸು ಬರುವಾಗ ರೈಲು ಯಲಿಯೂರು ದಾಟುತ್ತಿದ್ದಂತೆ ದೊಡ್ಡಪ್ಪ ಗಂಟಲು ಸರಿ ಮಾಡಿಕೊಂಡರು. "ನೋಡ್ದಾ ಮಗ? ತಗ್ಗಿ ಬಗ್ಗಿ ನಡುದ್ರೆ ಬಾಗ್ಲು ತಾನಾಗ್ ತಗೀತದೆ."

ಅಕ್ಕ ಕಿಟಕಿಯಾಚೆಯ ಕಬ್ಬಿನ ಗದ್ದೆ ನೋಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. "ಅದು ಸಿನ್ಮಾ ದೊಡ್ಡಪ್ಪ. ನಾನು ಅದ್ನ ಫೇಲು ಮಾಡಿವ್ನಿ," ಎಂದೆ.

"ನೀನ್ ಯಾವೋಳೇ ಫೇಲು ಮಾಡಕೆ? ಬಸ್ಸಲ್ಲಿ ನೀನು ಎಗರಾಡೋದು ನನ್ ಕಿವೀಗೂ ಬಿದ್ದದೆ. ಇನ್ನೊಂದ್ ಮಾತಾಡುದ್ರೆ ಕೆಲ್ಸ ಬುಡ್ಸಿ ಮನೇಲಿ ಕೂರುಸ್ತೀನಿ." ಡಬ್ಬಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಸೋಮವಾರ ನಾನು ಬಸ್ಸಿನಲ್ಲಿ ಆ ಸಿನಿಮಾವನ್ನು ಎರಡನೆಯ ಸಲ ಫೇಲು ಮಾಡಿದೆ, ಹಿಂದಿನ ಸೀಟಿಗೂ ಕೇಳುವ ಹಾಗೆ.

ಕೆಲವು ತಿಂಗಳಿಗೆ ಪ್ರಶಸ್ತಿ ಪ್ರಕಟವಾಯಿತು. ಅದಕ್ಕೇ ಬಂತು. ಕಂಡಕ್ಟರು ಮುತ್ತುಗದ ಎಲೆಯಲ್ಲಿ ವಡೆ ಕಟ್ಟಿಸಿಕೊಂಡು ಬಂದು, "ಟೀಚರಮ್ಮ ಏಳ್ದಂಗೇ ಆಯ್ತು, ಇನ್ಮ್ಯಾಲೆ ಪ್ರಶಸ್ತಿನ ಬೆಂಗ್ಳೂರಲ್ಲಿ ಕೊಡೋದ್ ಬ್ಯಾಡ, ನಮ್ ಬಸ್ಸಲ್ಲೇ ಕೊಟ್ಬುಡ್ಲಿ," ಎಂದು ಸಾರಿದ. ಎಲ್ಲರೂ ವಡೆ ತಿಂದರು. ನಾನೂ ತಿಂದೆ, ಗೆದ್ದಿದ್ದೆನಲ್ಲ. ಆ ಸುದ್ದಿ ವಡೆಗಿಂತ ಬಿಸಿಯಾಗಿ ಗೆಜ್ಜಲಗೆರೆ ಮುಟ್ಟಿತು.

ಮುಂದಿನ ಭಾನುವಾರ ದೊಡ್ಡಪ್ಪ ಪೇಪರು ಹಿಡಿದೇ ಬಂದರು. ನಡುಮನೆಯಲ್ಲಿ ಕೂತು, ನಾಯಕಿಯ ಫೋಟೋ ಮೇಲೆ ಬರುವಂತೆ ಮಡಿಸಿ ಅಕ್ಕನ ಮುಂದಿಟ್ಟರು. "ಸರ್ಕಾರ್ದೋರೇ ಒಪ್ಪವ್ರೆ. ಇನ್ನೇನ್ ಬೇಕು? ಬುಧ್ವಾರ ಅಳಿಯಂದ್ರು, ಅವ್ರ ತಾಯಿ ಬತ್ತಾವ್ರೆ. ಗಂಟು ಕಟ್ಕೊ." ಆಮೇಲೆ ನನ್ನ ಕಡೆ ತಿರುಗಿ, "ನೀನೂ ಬಾಯಿ ಮುಚ್ಕೊಂಡಿರು. ಪ್ರಶಸ್ತಿ ಬತ್ತದೆ ಅಂತ ಇಡೀ ಬಸ್ಸಿಗೆ ಸಾರ್ದೋಳು ನೀನೇ ಅಂತೆ," ಎಂದು ನಕ್ಕರು.

ನನ್ನ ಮಾತನ್ನೇ ಕೋಲು ಮಾಡಿ ಅಕ್ಕನಿಗೆ ಬೀಸುತ್ತಿದ್ದರು. ನಾನು ಎದ್ದು ನಿಂತು ಹೇಳಿದೆ. "ಪ್ರಶಸ್ತಿ ಬತ್ತದೆ ಅಂದೆ, ನಿಜ ಅಂತ ಯಾವತ್ತೂ ಅನ್ನಲಿಲ್ಲ. ಇನ್ನ ನೂರು ಪ್ರಶಸ್ತಿ ಕೊಟ್ರೂ ಅದು ಫೇಲೇ. ಅದ್ನ ನಂಬ್ಕೊಂಡು ಅಕ್ಕನ್ನ ಕಳ್ಸುದ್ರೆ ನಾನೂ ಅವಳ ಜೊತೇಲೇ ಓಗಿ ಆ ಜಗ್ಲಿ ಮ್ಯಾಲೆ ಕೂತ್ಕೋತೀನಿ. ಕೆಲ್ಸ ಬುಡಿಸ್ತೀರಾ, ಬುಡ್ಸಿ."

ದೊಡ್ಡಪ್ಪ ಎದ್ದರು. ನನ್ನ ಕಡೆ ಒಂದು ಹೆಜ್ಜೆ ಇಟ್ಟಿದ್ದರೋ ಏನೋ, ಅಕ್ಕ ನಡುವೆ ಬಂದಳು. ಪೇಪರು ಈಗ ಅವಳ ಕೈಯಲ್ಲಿತ್ತು. ಅವಳ ದನಿ ಏರಲಿಲ್ಲ.

"ಅವ್ಳಿಗೆ ಬಾಗ್ಲು ತಗುದ್ ಮ್ಯಾಲೆ ಸಿನ್ಮಾ ಮುಗುದೋಯ್ತು ದೊಡ್ಡಪ್ಪ. ನಂಗೆ ಬಾಗ್ಲು ತಗುದ್ ಮ್ಯಾಲೇ ಶುರುವಾಗಿದ್ದು. ಬೆಳಿಗ್ಗೆ ಒಳಕ್ ಕರ್ಕಂಡು, ಮತ್ತೆ ಬಾಗ್ಲಾಕಿ, ಸೌದೆ ತಕಂಡು ಒಡುದ್ರು. ಅವ್ರವ್ವ ಅಲ್ಲೇ ಅಕ್ಕಿ ಆರುಸ್ತಾ ಕೂತಿದ್ರು. ಜಗ್ಲಿ ಮ್ಯಾಲೆ ಇದ್ದಾಗ್ಲೇ ವಾಸಿಯಾಗಿತ್ತು."

ಅಷ್ಟು ತಿಂಗಳು ಒಂದೇ ಚಾಪೆಯಲ್ಲಿ ಮಲಗಿದ್ದೂ ನಾನು ಒತ್ತಿ ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ. ಅಡುಗೆಮನೆಯ ಬಾಗಿಲಿಗೆ ಅವ್ವ ಬಂದು ನಿಂತಿದ್ದಳು. ಆ ಮನೆಗೆ ಸೊಸೆಯಾಗಿ ಬಂದಂದಿನಿಂದ ಗಂಡನ ಅಣ್ಣನ ಎದುರು ಬಾಯಿ ತೆರೆದವಳಲ್ಲ. ಏನಾದರೂ ಹೇಳುವುದಿದ್ದರೆ ನಮ್ಮ ಬಾಯಲ್ಲಿ ಹೇಳಿಸುವಳು. ಅವತ್ತು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ತಾನೇ ಮಾತಾಡಿದಳು.

"ಬಾವ, ನನ್ ಮಗ್ಳ ಕಳ್ಸಕಿಲ್ಲ. ಬುಧ್ವಾರ ಬರ್ಬ್ಯಾಡಿ ಅಂತ ಅವ್ರಿಗೆ ಏಳ್ಬುಡಿ. ಮುದ್ದೆ ಆರೋಯ್ತದೆ, ಊಟಕ್ಕೇಳಿ."

ದೊಡ್ಡಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ಪಕ್ಕಕ್ಕಿಟ್ಟು, ಬಂದು ತಣಿಗೆಯ ಮುಂದೆ ಕೂತರು. ಅಕ್ಕ ಬಡಿಸಿದಳು.