ಮೀಸೆಯ ನಾಯಕಿ ಮತ್ತು ಅಪ್ಪಯ್ಯ

ಜರ್ಮನಿಯ ಕಲೋನಿನಲ್ಲಿ ಕಾರ್ನಿವಲ್ ಹಬ್ಬವೆಂದರೆ ಮಕ್ಕಳ ಮುಖಕ್ಕೆಲ್ಲ ಬಣ್ಣ. ಇವತ್ತು ಮಗಳು ಶಿಶುವಿಹಾರದ ಟೀಚರ್ ಕೈಯಲ್ಲಿ ಇಷ್ಟುದ್ದ ಮೀಸೆ ಬರೆಸಿಕೊಂಡು ಬಂದಳು. ಅಳಿಸಲು ಹತ್ತಿಯನ್ನು ತೆಂಗಿನೆಣ್ಣೆಗೆ ಅದ್ದಿದೆ ನೋಡಿ, ಆ ವಾಸನೆಗೆ ಅಪ್ಪಯ್ಯನೇ ಎದುರು ಬಂದು ಕೂತಂತಾಯಿತು.

ಅಪ್ಪಯ್ಯ ಯಕ್ಷಗಾನದ ಸ್ತ್ರೀವೇಷಧಾರಿ. ರಾತ್ರಿಯ ಆಟ ಮುಗಿಸಿ ಬೆಳಿಗ್ಗೆ ತೆಂಗಿನೆಣ್ಣೆ ಹಚ್ಚಿ ಬಣ್ಣ ತೆಗೆದರೂ ಕಣ್ಣಂಚಿನಲ್ಲಿ ಕಾಡಿಗೆ ಉಳಿಯುತ್ತಿತ್ತು. ಹುಡುಗರು ನಕ್ಕಾರೆಂದು ನಾನು ಅವರನ್ನು ಶಾಲೆಯ ಗೇಟಿನಾಚೆಯೇ ನಿಲ್ಲಿಸುತ್ತಿದ್ದೆ. ಜರ್ಮನಿಗೆ ಬಂದ ಮೇಲೂ ಯಾರಾದರೂ ಕೇಳಿದರೆ 'ಮೇಷ್ಟ್ರು' ಎಂದುಬಿಡುತ್ತಿದ್ದೆ. ಎಂಥ ಧೀರ ನಾನು!

ಐದು ವರ್ಷದ ಹಿಂದೆ ಅವರು ಇಲ್ಲಿಗೆ ಬಂದಿದ್ದಾಗ, ಒಂದು ಭಾನುವಾರ ಮಧ್ಯಾಹ್ನ ಹಳೆಯ ಮೂಕಿ ಚಿತ್ರಕ್ಕೆ ಕರೆದೊಯ್ದೆ. ಮಾತಿಲ್ಲದ್ದು, ಭಾಷೆಯ ರಗಳೆಯಿಲ್ಲ ಎಂಬುದಷ್ಟೇ ನನ್ನ ಲೆಕ್ಕ. ಪರದೆಯ ಪಕ್ಕ ಒಬ್ಬರು ಪಿಯಾನೊ ನುಡಿಸುತ್ತಿದ್ದರು. ನಾಯಕಿ ಮೀಸೆ ಅಂಟಿಸಿಕೊಂಡು, ಗಂಡಸೆಂದು ನಂಬಿಸಿ ಹೋಟೆಲಿನಲ್ಲಿ ಬಡಿಸುವ ಕೆಲಸ ಹಿಡಿಯುತ್ತಾಳೆ. ಸೂಪಿನ ಹಬೆಗೆ ಮೀಸೆಯ ಒಂದು ತುದಿ ಕಳಚುತ್ತದೆ. ಎರಡೂ ಕೈಯಲ್ಲಿ ತಟ್ಟೆ! ಮೇಲ್ತುಟಿಯನ್ನು ಮೂಗಿಗೆ ಒತ್ತಿ, ಗತ್ತು ಬಿಡದೆ, ಮೇಜಿಂದ ಮೇಜಿಗೆ ಓಡುತ್ತಾಳೆ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರೆ ಅಪ್ಪಯ್ಯ ಸೀಟಿನ ತುದಿಗೆ ಬಂದಿದ್ದರು.

"ಸೊಂಟ ಕಾಣ್ ಮಾಣಿ! ಮೀಸಿ ಜಾರ್ದ ಕೂಡ್ಲೆ ಹೆಣ್ಣಿನ್ ನಡ್ಗಿ ಬಂತ್. ಒಳ್ಗಿನ್ ಹೆಣ್ಣ್ ನಮ್ಗೆ ಕಾಣ್ಕ್, ಆ ಗಿರಾಕಿಗಳಿಗೆ ಕಾಂಬುಕಾಗ. ಎಂಥಾ ಕಲಾವಿದೆ ಮಾರಾಯ!" ಎಂದು ನನ್ನ ತೊಡೆಗೆ ಬಡಿದರು.

ದೀಪ ಹತ್ತಿದಾಗ ಪಕ್ಕದ ಸೀಟಿನ ಜರ್ಮನ್ ಅಜ್ಜಿ ನನ್ನನ್ನು ಕೇಳಿದರು: "ನಿಮ್ಮ ತಂದೆಗೆ ಎಷ್ಟೊಂದು ಖುಷಿ! ಏನು ಕೆಲಸದಲ್ಲಿದ್ದರು?"

'ಮೇಷ್ಟ್ರು' ನಾಲಿಗೆಯ ತುದಿಗೆ ಬಂದೇ ಬಂತು. ಅಪ್ಪಯ್ಯನಿಗೆ ಜರ್ಮನ್ ಬಾರದು, ಗೊತ್ತೂ ಆಗುತ್ತಿರಲಿಲ್ಲ. ಆದರೆ ಅರಳಿದ್ದ ಆ ಮುಖದ ಎದುರು ಸುಳ್ಳು ಹೊರಡಲಿಲ್ಲ. "ನಮ್ಮ ತಂದೆ ಮೂವತ್ತು ವರ್ಷ ರಂಗದ ಮೇಲೆ ನಾಯಕಿಯಾಗಿದ್ದರು" ಎಂದೆ.

ಅಜ್ಜಿ ಎದ್ದು ನಿಂತು ಅವರ ಎರಡೂ ಕೈ ಹಿಡಿದುಕೊಂಡರು. "ಎಂತ ಹೇಳ್ದೆ?" ಎಂದರು ಅಪ್ಪಯ್ಯ. ಹೇಳಿದೆ. ಅವರು ಮಫ್ಲರನ್ನು ಸೆರಗಿನಂತೆ ಭುಜಕ್ಕೆಳೆದುಕೊಂಡು ಬಾಗಿಲವರೆಗೆ ರಾಣಿಯ ಹಾಗೆ ನಡೆದರು. ನನ್ನ ಕಣ್ಣು ತುಂಬಿತ್ತು.

"ನೈನ್, ಬೇಡ! ಅಜ್ಜಯ್ಯನಿಗೆ ತೋರಿಸ್ಬೇಕು!" ಈಗ ಮಗಳು ನನ್ನ ಕೈಯ ಹತ್ತಿಯನ್ನು ತಳ್ಳಿದಳು. ವಿಡಿಯೊ ಕಾಲ್ ಹಚ್ಚಿದೆ. ಕುಂದಾಪುರದಿಂದ ಅಪ್ಪಯ್ಯ ಮೊಮ್ಮಗಳ ಗಂಡುನಡಿಗೆಯನ್ನು ಎರಡೆರಡು ಸಲ ತಿದ್ದಿ, ನನ್ನತ್ತ ತಿರುಗಿದರು.

"ಮಾಣಿ, ಈಗ ನೀನ್ ಒಂದ್ಸಲ ಹೆಣ್ಣಾಯ್ ನಡಿ ಕಾಂಬ."

ಹೆಂಡತಿಯ ದುಪಟ್ಟಾ ಹೊದ್ದೆ. ಕಿಟಕಿಯ ಪರದೆ ತೆರೆದೇ ಇತ್ತು. ಎದುರು ಮನೆಯವರು ನೋಡಿದರೆ ನೋಡಲಿ ಎಂದು ನಡೆದೆ.